ಮೊದಲು ಕೋಣೆ ತೋರಿಸಿ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗೊತ್ತಿಲ್ಲವೆಂದಲ್ಲ. ಕಾರವಾರದ ಆ ಆಸ್ಪತ್ರೆಯಲ್ಲಿ ಬೇರೆಲ್ಲ ಕೋಣೆಗಳ ಬಾಗಿಲಲ್ಲಿ ನಿಂತು ರೋಗಿಗಳ ಹೆಸರು, ಊರು ಎಲ್ಲವನ್ನೂ ಕೂಗಿ ಕರೆಯುತ್ತಿದ್ದರು. ಇವರು ಮಾತ್ರ ಬೆಂಚಿನ ತನಕ ನಡೆದು ಬಂದು, ಭುಜ ಮುಟ್ಟಿ, "ಬನ್ನಿ" ಎನ್ನುತ್ತಿದ್ದರು. ಅಷ್ಟು ವರ್ಷ ನಮ್ಮ ಹೆಸರುಗಳನ್ನು ಜೋಪಾನ ಮಾಡಿದವರ ಹೆಸರನ್ನು ಅಚ್ಚಿಗೆ ಕೊಡಲು ನನಗೆ ಮನಸ್ಸಿಲ್ಲ. ಎಲ್ಲರೂ ಅವರನ್ನು ಮಾವಶಿ ಎನ್ನುತ್ತಿದ್ದರು. ವಾರ್ಡಿನ ಆಯಾಗಳನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಚಿಕ್ಕಮ್ಮ ಎಂದು ಅದರ ಅರ್ಥ.

ಮಾವಶಿ ಹೋದ ಸುದ್ದಿ ನನಗೆ ತಿಳಿದದ್ದು ಸೋಮವಾರ. ನಾನು ಅವರ್ಸಾದಲ್ಲಿ ಹೊಲಿಗೆ ಮಾಡುತ್ತೇನೆ. ಬಿಣಗಾದಲ್ಲಿ ಮಾವಶಿಯ ಮನೆಯ ಸಾಲಿನಲ್ಲೇ ಇರುವ ಹೆಂಗಸೊಬ್ಬಳು ರವಿಕೆಯ ಅಳತೆ ಕೊಡಲು ಬಂದವಳು, ನಾನು ಟೇಪು ಹಿಡಿದು ಅವಳ ತೋಳು ಅಳೆಯುತ್ತಿರುವಾಗ ಹೇಳಿದಳು. ಶನಿವಾರ ಬೆಳಿಗ್ಗೆ ಎದೆನೋವು ಬಂತಂತೆ, ರಿಕ್ಷಾ ಕರೆಯುವಷ್ಟರಲ್ಲಿ ಮುಗಿದಿತ್ತಂತೆ. ನಾನು ತೋಳಿನ ಅಳತೆಯನ್ನು ಎರಡು ಸಲ ತಪ್ಪಾಗಿ ಬರೆದೆ. ಅಳು ಬರುವ ಮೊದಲೇ ಗುರುವಾರ ನೆನಪಾಯಿತು.

ಗುರುವಾರ ಆಯಿಯನ್ನು ಡಾಕ್ಟರಿಗೆ ತೋರಿಸುವ ದಿನ. ನನ್ನ ತಾಯಿ ಐದು ವರ್ಷಗಳಿಂದ ಆ ಡಾಕ್ಟರ ಜೊತೆ ಮಾತಾಡಿದ್ದೆಲ್ಲ ಮಾವಶಿಯ ಕೈ ಹಿಡಿದುಕೊಂಡೇ. ಡಾಕ್ಟರು ಕೇಳಿದ್ದಕ್ಕೆ ಆಯಿ ಮಾವಶಿಯ ಕಡೆ ತಿರುಗಿ ಉತ್ತರ ಹೇಳುತ್ತಿದ್ದಳು. ಆ ಕೈ ಇಲ್ಲವೆಂದರೆ ಅವಳು ಕೋಣೆಯೊಳಗೆ ಕಾಲಿಡುತ್ತಾಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಕಾಲಿಡದಿದ್ದರೆ ಮಾತ್ರೆ ನಿಲ್ಲುತ್ತದೆ. ಮಾತ್ರೆ ನಿಂತರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ನೋಡಿದ್ದೆ.

ನಮ್ಮದು ಮೊದಲು ಅರ್ಗಾ. ನೌಕಾನೆಲೆಗೆ ಜಾಗ ಹೋದಾಗ ಎಲ್ಲರ ಹಾಗೆ ನಾವೂ ಎದ್ದು ಬಂದೆವು. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಅವರ್ಸಾದ ಹೊಸ ಮನೆ ಕೆಟ್ಟದ್ದೇನಲ್ಲ, ನೀರಿದೆ, ರಸ್ತೆ ಹತ್ತಿರ. ಆದರೆ ಆಯಿ ಬರಬರುತ್ತ ಮಾತು ಬಿಟ್ಟಳು, ನಿದ್ದೆ ಬಿಟ್ಟಳು, ಊಟಕ್ಕೆ ಕರೆದರೆ ಕೇಳಿಸದವರ ಹಾಗೆ ಕೂತಿರುತ್ತಿದ್ದಳು. ಸಂಜೆಯಾದರೆ ಮಾತ್ರ ಎದ್ದು, ಬಾವಿಯಿಂದ ಎರಡು ಕೊಡ ನೀರು ಸೇದಿ, ಅಂಗಳದ ಬರಿ ನೆಲಕ್ಕೆ ಸುರಿಯುತ್ತಿದ್ದಳು. ಅರ್ಗಾದ ಮನೆಯ ಅಂಗಳದಲ್ಲಿ ಆ ಜಾಗದಲ್ಲಿ ಅಬ್ಬಲಿಗೆ ಹೂವಿನ ಗಿಡಗಳಿದ್ದವು. ಇಲ್ಲಿ ಏನೂ ಇರಲಿಲ್ಲ. ಮೊದಮೊದಲು ನಾನು ಕೊಡ ಕಸಿದುಕೊಂಡೆ, ಆಮೇಲೆ ಬಿಟ್ಟೆ. ಅಂಕೋಲಾದ ಡಾಕ್ಟರೊಬ್ಬರು ನೋಡಿ, ಇದು ಮನಸ್ಸಿನ ಕಾಯಿಲೆ, ಇದಕ್ಕೆ ಔಷಧ ಉಂಟು, ಗುರುವಾರ ಕಾರವಾರಕ್ಕೆ ಹೋಗಿ, ಅಲ್ಲಿ ಟೀವಿಯಲ್ಲಿ ದೊಡ್ಡ ಡಾಕ್ಟರು ನೋಡುತ್ತಾರೆ ಎಂದು ಚೀಟಿ ಬರೆದುಕೊಟ್ಟರು.

ಟೀವಿಯಲ್ಲಿ ಡಾಕ್ಟರು ನೋಡುವುದೆಂದರೆ ಏನೆಂದು ಆಗ ನಮಗ್ಯಾರಿಗೂ ತಿಳಿದಿರಲಿಲ್ಲ. ಆಸ್ಪತ್ರೆಯ ಹಿಂದಿನ ಸಾಮಾನು ಕೋಣೆಯನ್ನು ತೆರವು ಮಾಡಿ ಒಂದು ದೊಡ್ಡ ಟೀವಿ, ಅದರ ತಲೆಯ ಮೇಲೆ ಗೂಬೆಯ ಹಾಗೆ ಕೂತ ಒಂದು ಕ್ಯಾಮೆರಾ, ಮಹಡಿಯ ಮೇಲೆ ಆಕಾಶಕ್ಕೆ ಮುಖ ಮಾಡಿದ ಒಂದು ಬಿಳಿ ತಟ್ಟೆ ಇಟ್ಟಿದ್ದರು. ನೂರಾರು ಮೈಲಿ ದೂರದ ದೊಡ್ಡ ಆಸ್ಪತ್ರೆಯ ಡಾಕ್ಟರು ನಮಗೆ ಟೀವಿಯಲ್ಲಿ ಕಾಣುತ್ತಾರೆ, ಅವರಿಗೆ ನಾವು ಕಾಣುತ್ತೇವೆ. ಯಂತ್ರ ತಂದವರು ಎರಡು ದಿನ ಕಲಿಸಿ ಹೋದರು. ಕಲಿತಿದ್ದ ತಂತ್ರಜ್ಞನಿಗೆ ವರ್ಷದೊಳಗೆ ವರ್ಗವಾಯಿತು. ಉಳಿದವರು ಕೋಣೆ ಗುಡಿಸುತ್ತಿದ್ದ ಮಾವಶಿ. ಮಂಡಿ ನೋವೆಂದು ಹೆರಿಗೆ ವಾರ್ಡಿನಿಂದ ಅವರನ್ನು ಅಲ್ಲಿಗೆ ಹಾಕಿದ್ದರು. ಓದಿದ್ದು ಏಳನೆಯ ತರಗತಿ. ಗುಡಿಸುತ್ತಲೇ ಆತ ಮಾಡುವುದನ್ನೆಲ್ಲ ನೋಡಿ ಒಂದು ಶಾಲೆಯ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಒಂದು, ಕೆಂಪು ದೀಪ ಹತ್ತಬೇಕು. ಎರಡು, ಹಸಿರು ಬರುವ ತನಕ ಕೈ ಹಚ್ಚಬಾರದು, ಅವಸರ ಮಾಡಿದರೆ ಸಿಟ್ಟು ಬರುತ್ತದೆ. ಸಿಟ್ಟು ಯಾರಿಗೆ ಬರುತ್ತದೆ ಎಂದು ಬರೆದಿರಲಿಲ್ಲ.

ಜನ ಆ ಕೋಣೆಗೆ ಹೆದರುತ್ತಿದ್ದರು. ಅಲ್ಲಿ ಕೂತರೆ ಎಲ್ಲರ ಮನೆಯ ಟೀವಿಯಲ್ಲೂ ಬರುತ್ತದೆ ಎಂದು ಸುದ್ದಿಯಿತ್ತು. ಅಮದಳ್ಳಿಯ ಮುದುಕರೊಬ್ಬರು ತಲೆ ಬಾಚಿಕೊಂಡು ಬಂದು, ಇದು ಎಷ್ಟು ಗಂಟೆಗೆ ಬರುವುದು, ಮಗಳಿಗೆ ಹೇಳಿ ಬರಬೇಕಿತ್ತು ಎಂದರಂತೆ. ನಕ್ಕು ಬಿಡಬಹುದಿತ್ತು. ಮಾವಶಿ ನಗಲಿಲ್ಲವಂತೆ. ಅವರನ್ನು ಟೀವಿಯ ಹಿಂದೆ ಕರೆದುಕೊಂಡು ಹೋಗಿ, ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮಹಡಿಯ ತನಕ ತೋರಿಸಿದರು. ಆಮೇಲೆ ರೋಗಿಯ ಕುರ್ಚಿಯಲ್ಲಿ ತಾವೇ ಕೂತು, ಮುದುಕರನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಟೀವಿಯಲ್ಲಿ ತಮ್ಮ ಮುಖ ಹೇಗೆ ಕಾಣುತ್ತದೆ ಎಂದು ಅವರಿಂದಲೇ ಹೇಳಿಸಿದರು. "ಮೂಗು ದೊಡ್ಡ ಕಾಣ್ತದೆ" ಎಂದರಂತೆ ಮುದುಕರು. "ಅದು ಯಂತ್ರದ ತಪ್ಪಲ್ಲ" ಎಂದರಂತೆ ಇವರು.

ಕಾಯುವವರ ಬೆಂಚು ಬಾಗಿಲಿನ ಪಕ್ಕದಲ್ಲೇ ಇತ್ತು. ಒಳಗೆ ಯಾರಾದರೂ ಮಾತಾಡುತ್ತಿದ್ದರೆ ಉಳಿದವರನ್ನು ಅವರು ಬಾಗಿಲಿನ ಹತ್ತಿರ ಕೂರಲು ಬಿಡುತ್ತಿರಲಿಲ್ಲ. "ಮಾತು ಇಲ್ಲಿ ತನಕ ಬತ್ತದೆ, ಆ ತುದಿಗೆ ಕೂತ್ಕಳಿ" ಎಂದು ಅಟ್ಟುತ್ತಿದ್ದರು. ಒಮ್ಮೆ ಆಸ್ಪತ್ರೆಯ ದೊಡ್ಡ ಗುಮಾಸ್ತರೇ ಹಾಗೆ ತುದಿಗೆ ಹೋಗಿ ಕೂತದ್ದನ್ನು ನಾನು ನೋಡಿದ್ದೇನೆ.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು, "ಕೇಳಿ ಹೇಳ್ತೆ." ನಾವು ಹೇಳಿದ್ದನ್ನು ಅಲ್ಲಿ ಬರೆದಿಟ್ಟುಕೊಳ್ಳುತ್ತಾರೋ ಎಂದು ನಾನು ಮೊದಲ ಸಲವೇ ಕೇಳಿದ್ದೆ. ಹೌದು, ಬರೆಯುತ್ತಾರೆ, ಕಪಾಟಿನಲ್ಲಿ ಇಡುತ್ತಾರೆ ಎಂದರು. ಕಪಾಟಿನ ಬೀಗದ ಕೈ ಯಾರ ಹತ್ತಿರ ಎಂದೆ. ಬೇರೆಯವರಾದರೆ ಏನಾದರೂ ಒಂದು ಹೇಳಿ ಸಾಗಹಾಕುತ್ತಿದ್ದರು. ಇವರು, "ಅದು ನಂಗೆ ಗೊತ್ತಿಲ್ಲ. ಕೇಳಿ ಹೇಳ್ತೆ" ಎಂದರು. ಮುಂದಿನ ಗುರುವಾರ ನಾವು ಬೆಂಚಿನಲ್ಲಿ ಕೂರುವ ಮೊದಲೇ ಬಂದು, ಬೀಗದ ಕೈ ಡಾಕ್ಟರ ಹತ್ತಿರ ಒಂದು, ಫೈಲು ನೋಡುವ ನರ್ಸಿನ ಹತ್ತಿರ ಒಂದು ಎಂದು ಹೇಳಿದರು. ನಾನು ಆ ಪ್ರಶ್ನೆಯನ್ನು ಮರೆತೇ ಬಿಟ್ಟಿದ್ದೆ.

ಆದರೆ ಆಯಿಯ ಹೆದರಿಕೆ ಬೇರೆ ತರಹದ್ದು. ಮನೆಗಳು ಹೋಗುವ ಮೊದಲು ಸರ್ವೆಯವರು ಅರ್ಗಾಕ್ಕೆ ಬಂದು, ಗೋಡೆಗೆ ನಂಬರು ಬರೆದು, ಪ್ರತಿ ಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗಿದ್ದರು. ಆಯಿ ಅಂದು ಒಳ್ಳೆಯ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ನಿಂತಿದ್ದಳು. ನೆರೆಯ ಹೆಂಗಸರನ್ನೂ ಕರೆದು ನಿಲ್ಲಿಸಿದ್ದಳು. ಅವಳ ಲೆಕ್ಕದಲ್ಲಿ ಫೋಟೋ ತೆಗೆದುಕೊಂಡು ಹೋದವರು ಆಮೇಲೆ ಮನೆ ತೆಗೆದುಕೊಂಡು ಹೋದರು. ಅಂಥವಳನ್ನು ಸರ್ಕಾರದ ಕ್ಯಾಮೆರಾದ ಮುಂದೆ ಕೂರಿಸುವುದು ಹೇಗೆ? ಮೊದಲ ಗುರುವಾರ ಬಾಗಿಲಲ್ಲೇ ನಿಂತಳು. ಮಾವಶಿ ಒತ್ತಾಯ ಮಾಡಲಿಲ್ಲ. ತಮ್ಮ ಕರವಸ್ತ್ರವನ್ನು ತೆಗೆದು ಕ್ಯಾಮೆರಾದ ಮೇಲೆ ಹೊದಿಸಿದರು. ಆಯಿಯನ್ನು ಅವರು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. "ವಹಿನಿ, ಈಗ ಅದಕ್ಕೆ ಕಣ್ಣಿಲ್ಲ. ನಿಮಗೆ ತೆಗೀಬೇಕು ಅನಿಸಿದ್ರೆ ನೀವೇ ತೆಗೀರಿ. ನಾ ತೆಗೆಯೂದಿಲ್ಲ, ಡಾಕ್ಟರ್ ಹೇಳಿದ್ರೂ ತೆಗೆಯೂದಿಲ್ಲ."

ಆ ದಿನ ಆಯಿ ತೆಗೆಯಲಿಲ್ಲ. ಡಾಕ್ಟರು, ಕನ್ನಡಕ ಹಾಕಿದ ಚಿಕ್ಕ ವಯಸ್ಸಿನ ಹೆಂಗಸು, ಬರೀ ಬಟ್ಟೆಯ ಜೊತೆ ಮಾತಾಡಿದರು. ನಾನು ಹೇಳಿದ್ದನ್ನು ಕೇಳಿಕೊಂಡು ಮಾತ್ರೆ ಬರೆದರು. ಎರಡನೆಯ ಸಲ ಆಯಿ ಬಟ್ಟೆಯ ಒಂದು ಅಂಚನ್ನು ಎತ್ತಿದಳು. ಮೂರನೆಯ ಸಲ ಪೂರ್ತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮಾತ್ರೆಯಿಂದ ನಿದ್ದೆ ಸ್ವಲ್ಪ ಬರುತ್ತಿತ್ತು. ಸಂಜೆಯ ನೀರು ಎರಡು ಕೊಡದಿಂದ ಒಂದಕ್ಕೆ ಇಳಿದಿತ್ತು.

ಆ ಮೂರನೆಯ ಸಲವೇ ಎಡವಟ್ಟಾಯಿತು. ಕೂತ ಕೂಡಲೇ ಆಯಿ ಮಾವಶಿಯನ್ನು ಕೇಳಿದಳು, ಅಲ್ಲಿ ಯಾರ್‍ಯಾರಿದ್ದಾರೆ ಎಂದು. ಮಾವಶಿ ಯಂತ್ರದ ದೀಪ ನೋಡುತ್ತಿದ್ದವರು, "ಡಾಕ್ಟರ್ ಒಬ್ಬರೇ" ಎಂದುಬಿಟ್ಟರು. ಕೇಳಿ ಹೇಳ್ತೆ ಎನ್ನಲಿಲ್ಲ. ಆಯಿ ಎರಡು ಮಾತಾಡಿದಳು, ಮೂರನೆಯದು ಫೋಟೋದ ದಿನದ್ದು. ಆಗ ಟೀವಿಯೊಳಗಿಂದ ಗಂಡಸಿನ ಕೆಮ್ಮು ಕೇಳಿಸಿತು. ಡಾಕ್ಟರಾಗಲು ಓದುತ್ತಿದ್ದವರು ಮೂವರು, ನಮಗೆ ಕಾಣದ ಹಾಗೆ ಡಾಕ್ಟರ ಪಕ್ಕದಲ್ಲಿ ಕೂತಿದ್ದರು. ಆಯಿ ಎದ್ದು, ಕರವಸ್ತ್ರವನ್ನು ಕ್ಯಾಮೆರಾಕ್ಕೆ ಹೊದಿಸಿ, ಬಸ್ ನಿಲ್ದಾಣದ ತನಕ ತಿರುಗಿ ನೋಡದೆ ನಡೆದಳು.

ಮಾತ್ರೆಯನ್ನು ಅಂದೇ ಬಿಟ್ಟಳು. ಅನ್ನದಲ್ಲಿ ಕಲಸಿ ಕೊಡೋಣವೆಂದು ನನಗೆ ಒಂದು ಕ್ಷಣ ಅನಿಸಿತ್ತು, ಕೊಡಲಿಲ್ಲ. ಹತ್ತೇ ದಿನದಲ್ಲಿ ನೀರು ಎರಡು ಕೊಡಕ್ಕೆ ಬಂತು, ಆಮೇಲೆ ಮೂರಕ್ಕೆ.

ಮೂರನೆಯ ವಾರದ ಭಾನುವಾರ ಮಾವಶಿ ನಮ್ಮ ಮನೆಗೆ ಬಂದರು. ಬಿಣಗಾದಿಂದ ಬಸ್ಸಿನಲ್ಲಿ ಬಂದು, ಹೆದ್ದಾರಿಯಲ್ಲಿ ಇಳಿದು, ಆ ಮಂಡಿ ಎಳೆದುಕೊಂಡು ನಡೆದು. ಆಯಿ ಹಿತ್ತಲಲ್ಲಿ ತಾರ್ಲೆ ಮೀನು ಹೆರೆಯುತ್ತಿದ್ದಳು, ತಲೆಯೆತ್ತಲಿಲ್ಲ. ಮಾವಶಿ ಸೆರಗು ಸಿಕ್ಕಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂರಲು ಹೋಗಿ, ಆಗದೆ, ಮಣೆಯ ಮೇಲೆ ಕೂತು ತಾವೂ ಒಂದು ಮೀನು ಎತ್ತಿಕೊಂಡರು. ಡಾಕ್ಟರು ಒಳ್ಳೆಯವರು ಎಂದಾಗಲಿ, ಮಾತ್ರೆ ಬಿಡಬಾರದು ಎಂದಾಗಲಿ ಒಂದು ಮಾತೂ ಹೇಳಲಿಲ್ಲ. "ವಹಿನಿ, ನಾ ನೋಡದೇ ಹೇಳ್ದೆ. ತಪ್ಪು ನಂದು. ಅದನ್ನ ಹೇಳೂಕೆ ಬಂದೆ" ಎಂದರು.

ಬುಟ್ಟಿ ಅರ್ಧವಾಗುವ ತನಕ ಇಬ್ಬರೂ ಮೀನು ಹೆರೆದರು. ನಾನು ಕರಿ ಚಹಾ ತಂದು ಪಕ್ಕದಲ್ಲಿಟ್ಟೆ. ಆಯಿ ಒಮ್ಮೆಲೆ, "ಆ ಮಾಣಿ ಕೆಮ್ಮು ಒಣ ಕೆಮ್ಮು. ಔಷಧ ಮಾಡ್ದನೋ ಇಲ್ವೋ" ಎಂದಳು.

"ಕೇಳಿ ಹೇಳ್ತೆ" ಎಂದರು ಮಾವಶಿ.

ನನಗೆ ನಗು ಬಂತು, ತಡೆದುಕೊಂಡೆ. ಮಾವಶಿ ಕೈಯಲ್ಲಿದ್ದ ಮೀನು ಕೆಳಗಿಟ್ಟು ಕೇಳಿದರು, "ಎಂತ ಮಾಡಿದ್ರೆ ನೀವು ಬರ್ತ್ರಿ?"

"ಅವಳು ನನ್ನ ನೋಡೂದಾದ್ರೆ, ಅವಳ ಕೋಣೆ ನಾ ಮೊದ್ಲು ನೋಡ್ಬೇಕು. ನಾಲ್ಕೂ ಮೂಲೆ. ಬಾಗ್ಲ ಹಿಂದೂ."

ಮಾವಶಿ ಮೀನಿನ ಕೈ ತೊಳೆದುಕೊಂಡು, ಚೀಲದಿಂದ ಆ ನೋಟುಬುಕ್ಕು ತೆಗೆದು, ಅಲ್ಲಿಯೇ ಬರೆದುಕೊಂಡರು. ಯಂತ್ರದ ಸೂಚನೆಗಳ ಪುಟದಲ್ಲಿ ನಾಲ್ಕನೆಯದರ ಕೆಳಗೆ ಜಾಗವಿರಲಿಲ್ಲ, ಅಂಚಿನಲ್ಲಿ ಅಡ್ಡವಾಗಿ ಬರೆದರು.

ಅದನ್ನು ಒಪ್ಪಿಸಲು ಅವರಿಗೆ ಸುಲಭವಾಗಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಒಬ್ಬೊಬ್ಬ ರೋಗಿಗೂ ಕೋಣೆ ತೋರಿಸುತ್ತ ಕೂತರೆ ಹೊತ್ತು ಹಾಳು ಎಂದು ಆಸ್ಪತ್ರೆಯಲ್ಲಿ ಮೇಲಿನವರು ಬೈದರಂತೆ. ಆಯಾ ಒಬ್ಬಳು ಡಾಕ್ಟರಿಗೆ ಹೀಗೆ ಮಾಡಿ ಎಂದು ಹೇಳುವುದೇ ಎಂದೂ ಅಂದರಂತೆ. ಆದರೆ ಆ ಡಾಕ್ಟರು ಒಪ್ಪಿದರು. ಮುಂದಿನ ಗುರುವಾರ ಅವರು ತಮ್ಮ ಕಡೆಯ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿದರು. ಒಂದು ಕಪಾಟು, ಕ್ಯಾಲೆಂಡರು, ಖಾಲಿ ಕುರ್ಚಿ ಮೂರು, ಕಿಟಕಿಯಲ್ಲಿ ಊಟದ ಡಬ್ಬಿ, ಬಾಗಿಲ ಹಿಂದೆ ತೂಗುಹಾಕಿದ ಒಂದು ಕೊಡೆ. ಆಯಿ ಎಲ್ಲವನ್ನೂ ನೋಡಿ, "ಮಧ್ಯಾಹ್ನ ಆಯ್ತು, ಡಬ್ಬಿ ಇನ್ನೂ ಬಿಚ್ಚಲಿಲ್ಲ ಅವಳು" ಎಂದು ಮಾವಶಿಗೆ ಹೇಳಿ, ಬಟ್ಟೆ ತೆಗೆದಳು. ಮೂವರು ಓದುವವರಿಗೆ ಮುಂದೆ ಎಂದಾದರೂ ಕೂರಬೇಕಿದ್ದರೆ ಮೊದಲು ಆಯಿಯನ್ನು ಕೇಳಬೇಕೆಂದೂ ನಿಶ್ಚಯವಾಯಿತು. ಒಂದು ಸಲ ಅವರು ಕೇಳಿದರು. ಆಯಿ, ಕೆಮ್ಮುವವನು ಕೂರಲಿ, ಉಳಿದವರು ಬೇಡ ಎಂದಳು.

ಕರವಸ್ತ್ರ ಆಗಾಗ ಜಾರಿ ಬೀಳುತ್ತಿತ್ತು. ಮಾವಶಿ ನನಗೆ ಕ್ಯಾಮೆರಾಕ್ಕೊಂದು ಟೊಪ್ಪಿ ಹೊಲಿದುಕೊಡಲು ಹೇಳಿದರು. ಉಳಿದ ಲೈನಿಂಗ್ ಬಟ್ಟೆಯಲ್ಲಿ, ಒಳಗೆ ಎರಡು ಪದರ ಹಾಕಿ, ಕೆಳಗೆ ಲಾಡಿ ಕೊಟ್ಟು ಹೊಲಿದೆ. ಮಗುವಿನ ಕುಲಾವಿಯ ಹಾಗೆ ಕಾಣುತ್ತಿತ್ತು. ಹೆರಿಗೆ ವಾರ್ಡಿನಲ್ಲಿದ್ದವರಲ್ಲವೇ, ಅವರು ಅದರ ಲಾಡಿಯನ್ನು ಕಟ್ಟುವಾಗ ಕ್ಯಾಮೆರಾದ ಗಲ್ಲ ಮುಟ್ಟಿದ ಹಾಗೆ ಮಾಡುತ್ತಿದ್ದರು. ಆಮೇಲೆ ಎಲ್ಲ ರೋಗಿಗಳಿಗೂ ಅದೇ ಪದ್ಧತಿಯಾಯಿತು. ಮೊದಲು ಅತ್ತಲಿನ ಕೋಣೆ, ನಂತರ ಇತ್ತಲಿನ ಟೊಪ್ಪಿ, ಅದನ್ನೂ ರೋಗಿಯೇ ತೆಗೆಯಬೇಕು.

ಮಳೆಗಾಲದಲ್ಲಿ ಚಿತ್ರ ನಿಂತುಬಿಡುತ್ತಿತ್ತು. ಒಮ್ಮೆ ಡಾಕ್ಟರು ಬಾಯಿ ಅರ್ಧ ತೆರೆದು, ಒಂದು ಕಣ್ಣು ಮುಚ್ಚಿ ಹಾಗೆಯೇ ನಿಂತರು. ಆಯಿ ಹೆದರಿ ಮಾವಶಿಯ ತೋಳು ಹಿಡಿದಳು. "ಅವರಿಗೆ ಎಂತದೂ ಆಗಲಿಲ್ಲ ವಹಿನಿ, ಮೇಲೆ ಮೋಡ" ಎಂದು ಮಾವಶಿ ಕೊಡೆ ಹಿಡಿದು ಮಹಡಿ ಹತ್ತಿದರು. ಮಹಡಿಯ ಮೇಲೆ ಅವರು ಆ ತಟ್ಟೆಗೆ ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು. ಬೈಯುವುದು ಮಾತ್ರ ಕೆಳಗೆ ಕೇಳಿಸುತ್ತಿತ್ತು. ಡಾಕ್ಟರ ಬಾಯಿ ಮುಚ್ಚಿಕೊಂಡಿತು, ಕಣ್ಣು ತೆರೆಯಿತು. ಆಯಿ ನಕ್ಕಳು. ಅರ್ಗಾ ಬಿಟ್ಟ ಮೇಲೆ ನಾನು ಅವಳ ನಗು ಕೇಳಿದ್ದು ಅಂದೇ ಮೊದಲು. ಆ ವರ್ಷವೇ ಅವಳು ನೀರು ಸುರಿಯುವ ಜಾಗದಲ್ಲಿ ಅಬ್ಬಲಿಗೆ ನೆಟ್ಟಳು. ಅಂದಿನಿಂದ ಪ್ರತಿ ಸಲವೂ ಮಾವಶಿಗೆ ಒಂದು ಮೊಳ ಅಬ್ಬಲಿಗೆ ದಂಡೆ ಹೋಗುತ್ತಿತ್ತು.

ಇನ್ನೊಂದು ಸಂಗತಿ. ಎರಡು ವರ್ಷದ ಹಿಂದೆ ಒಂದು ಗುರುವಾರ ನಾನು ಮರೆತ ಕೊಡೆಗೆಂದು ಬಸ್ ನಿಲ್ದಾಣದಿಂದ ಹಿಂದಕ್ಕೆ ಹೋದೆ. ರೋಗಿಗಳೆಲ್ಲ ಹೋಗಿಯಾಗಿತ್ತು. ಕೋಣೆಯ ಬಾಗಿಲು ಹಾಕಿತ್ತು, ಹೊರಗೆ ಮಾವಶಿಯ ಚಪ್ಪಲಿ ಇತ್ತು. ಒಳಗೆ ಅವರದೇ ದನಿ, ಸಣ್ಣಗೆ, ನಡುನಡುವೆ ನಿಲ್ಲುತ್ತ. ಡಾಕ್ಟರ ದನಿಯೂ ಇತ್ತು. ನಾನು ಕೊಡೆ ತೆಗೆದುಕೊಳ್ಳದೆ ಮಳೆಯಲ್ಲೇ ಬಂದೆ. ಆಯಿಗೆ ಹೇಳಿದೆ. ಆಯಿ, "ಎಲ್ಲರ ಭಾರ ಹೊತ್ಕೊಂಡು ಅವರಾದ್ರೂ ಎಲ್ಲಿ ಇಳಿಸ್ಬೇಕು" ಎಂದಳು. ಮಾವಶಿಯನ್ನು ನಾವು ಆ ವಿಷಯ ಕೇಳಲಿಲ್ಲ.

ಸೋಮವಾರ, ಮಂಗಳವಾರ ನನ್ನಿಂದ ಆಯಿಗೆ ಹೇಳಲು ಆಗಲಿಲ್ಲ. ಬುಧವಾರ ಸಂಜೆ ಅವಳು ಜಗಲಿಯಲ್ಲಿ ಕೂತು ಮಾರನೆಯ ದಿನಕ್ಕೆ ದಂಡೆ ಕಟ್ಟುತ್ತಿದ್ದಳು. ಇನ್ನು ತಡೆದರೆ ಅದು ಮೋಸವಾಗುತ್ತದೆ ಎನಿಸಿ ಹೇಳಿದೆ. ಅವಳ ಕೈ ನಿಂತಿತು. ಆಮೇಲೆ ಮತ್ತೆ ಕಟ್ಟತೊಡಗಿದಳು. ಪೂರ್ತಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ನೀರು ಚಿಮುಕಿಸಿಟ್ಟಳು. ನಾಳೆ ಹೋಗುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೆಳಿಗ್ಗೆ ನಾನು ಏಳುವಾಗ ಅವಳು ಸೀರೆ ಉಟ್ಟು ಹೊಸ್ತಿಲಲ್ಲಿ ಕೂತಿದ್ದಳು.

ಮಾವಶಿಯ ಬದಲಿಗೆ ಔಷಧದ ಕಿಟಕಿಯಲ್ಲಿರುತ್ತಿದ್ದ, ನಡುವಯಸ್ಸಿನ ಕಂಪೌಂಡರನ್ನು ಹಾಕಿದ್ದರು. ಆತ ನೋಟುಬುಕ್ಕಿನ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತ ಗುಂಡಿ ಒತ್ತುತ್ತಿದ್ದ. ಅಂಚಿನ ಅಡ್ಡ ಬರಹ ಬಂದಾಗ ಪುಸ್ತಕವನ್ನೇ ತಿರುಗಿಸಿ ಓದಿದ. "ಡಾಕ್ಟರು ಮೊದಲು ಕೋಣೆ ತೋರಿಸಬೇಕು. ನಾಲ್ಕೂ ಮೂಲೆ, ಬಾಗಿಲ ಹಿಂದೆ. ಆಮೇಲೆ ಟೊಪ್ಪಿ. ಇದೆಂತದು?"

"ಅದು ನಾ ಹೇಳಿದ್ದು" ಎಂದಳು ಆಯಿ.

ಡಾಕ್ಟರು ಆಗಲೇ ಕ್ಯಾಮೆರಾ ತಿರುಗಿಸಲು ಹತ್ತಿದ್ದರು. ಕಪಾಟು, ಕ್ಯಾಲೆಂಡರು, ಡಬ್ಬಿ, ಕೊಡೆ. ಆಯಿ ಬಾಳೆ ಎಲೆ ಬಿಚ್ಚಿ ದಂಡೆಯನ್ನು ಮಾವಶಿಯ ಸ್ಟೂಲಿನ ಮೇಲೆ ಇಟ್ಟಳು. ಟೊಪ್ಪಿಯ ಲಾಡಿ ಬಿಚ್ಚಿ ಮಡಿಲಲ್ಲಿ ಹಾಕಿಕೊಂಡಳು. ಈ ಸಲ ತಿರುಗಿ ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳು ನೇರ ಟೀವಿಯನ್ನೇ ನೋಡಿ ಕೇಳಿದಳು.

"ಎಲ್ಲರೂ ಹೋದ ಮೇಲೆ ನಮ್ಮ ಮಾವಶಿ ನಿಮ್ಮ ಹತ್ರ ಮಾತಾಡ್ತಿದ್ರಲ್ಲ. ಎಂತ ಹೇಳ್ತಿದ್ರು?"

ಚಿತ್ರ ನಿಂತಿತೆಂದುಕೊಂಡೆ. ನಿಂತಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರು ಬಂದು ಏನು ಮಾತಾಡಿದ್ರು ಅಂತ ನಾನು ಯಾರಿಗೂ ಹೇಳೋದಿಲ್ಲ ಅಮ್ಮಾ."

"ಅವರು ತೀರ್ಕೊಂಡ್ರಲ್ಲ ಈಗ."

"ತೀರ್ಕೊಂಡವರದ್ದೂ ಹೇಳೋದಿಲ್ಲ."

ಆಯಿ ಮಡಿಲ ಟೊಪ್ಪಿಯನ್ನು ತಿರುಗಿಸಿ ನೋಡಿದಳು, ಒಳಗಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಆ ಉತ್ತರದಿಂದ ಅವಳಿಗೆ ಬೇಸರವಾಯಿತೆಂದು ನನಗೆ ಅನಿಸಿತು. ಎದ್ದೇ ಬಿಡುತ್ತಾಳೆಂದು ನಾನು ಚೀಲ ಕೈಗೆ ತೆಗೆದುಕೊಂಡೆ. ಅವಳು ನನ್ನ ಕಡೆ ತಿರುಗಿದಳು.

"ನೀ ಹೊರಗೆ ಕೂತ್ಕೋ. ಇವರನ್ನೂ ಕರ್ಕೊಂಡು ಹೋಗು."

ಯಂತ್ರದ ಹತ್ತಿರ ಯಾರಾದರೂ ಇರಲೇಬೇಕು, ನಡುವೆ ನಿಂತುಹೋದರೆ ಏನು ಮಾಡುತ್ತೀರಿ ಎಂದು ಕಂಪೌಂಡರ್ ಗೊಣಗಿದ. "ನಿಂತ್ರೆ ಮೋಡ. ಕರೀತೆ, ಹೋಗಿ" ಎಂದಳು ಆಯಿ.

ಐದು ವರ್ಷಗಳಲ್ಲಿ ಅವಳು ನನ್ನನ್ನು ಹೊರಗೆ ಕಳಿಸಿದ್ದು ಅದೇ ಮೊದಲು. ಬಾಗಿಲು ಹಾಕಿಕೊಂಡು ಬಂದು ಬೆಂಚಿನಲ್ಲಿ ಕೂತೆ. ಬಾಗಿಲ ಬಳಿ, ಅಂದು ಮಾವಶಿಯ ಚಪ್ಪಲಿ ಇದ್ದ ಜಾಗದಲ್ಲಿ ಆಯಿಯ ಚಪ್ಪಲಿ ಇತ್ತು. ಮಗಳಾದ ನನಗೆ ಹೇಳದ್ದು ಏನಿರಬಹುದು ಎಂದು ಒಂದು ಗಳಿಗೆ ಬಾಗಿಲ ಕಡೆ ಕಿವಿ ಕೊಟ್ಟೆ, ಸುಳ್ಳು ಯಾಕೆ ಹೇಳಲಿ. ಒಳಗೆ ಅವಳ ದನಿ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ನಿಂತು, ಆಮೇಲೆ ಅಳು. ಅರ್ಗಾ ಬಿಡುವ ದಿನವೂ ಅಳದವಳು. ನಾನು ಏಳಲು ಹೋಗಿ ಕೂತೆ. ಅಳು ಇಳಿದು ಮತ್ತೆ ಮಾತಾಯಿತು. ಮಾತು ನಿಲ್ಲಲಿಲ್ಲ, ಸಾಗುತ್ತಲೇ ಇತ್ತು. ಇನ್ನೊಂದು ಗಳಿಗೆ ಕೂತಿದ್ದರೆ ಪದಗಳೂ ಕೇಳಿಸುತ್ತಿದ್ದವು.

ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತೆ. ಕಂಪೌಂಡರಿಗೂ ಬರಲು ಹೇಳಿದೆ.